ಅಕೋಸುವಾಳ ಕೈ ಮತ್ತು ನಿಂಗವ್ವನ ಕಡ್ಲಿಹಿಟ್ಟು

ಕಡಲಾಚೆಯ ಹಿಮದ ನಾಡಿನ ಬೋಲ್ಟನ್ ಪಟ್ಟಣದಲ್ಲಿ ವೇರ್‌ಹೌಸುಗಳಿಗೆ ಬರವಿಲ್ಲ. ಒಂದೊಂದೂ ನಾಲ್ಕು ಕ್ರಿಕೆಟ್ ಮೈದಾನಗಳನ್ನು ನುಂಗಿ ನೀರು ಕುಡಿದಷ್ಟು ದೊಡ್ಡದು. ಆದರೆ ಆ ಊರಿನಲ್ಲಿ ನಿಜವಾದ ರಾಜ್ಯಭಾರ ನಡೆಯುತ್ತಿದ್ದದ್ದು ಒಂದು ಟೌನ್‌ಹೌಸಿನ ಕೆಳಮಹಡಿಯಲ್ಲಿ. ಅಲ್ಲಿ ಶ್ರೀಮತಿ ನಿಂಗವ್ವ ಶೇಖಪ್ಪ ಹಂಚಿನಮನಿಯವರು, ವಯಸ್ಸು ಐವತ್ತೇಳು, ಎತ್ತರ ಐದಡಿಗೆ ಒಂದಿಂಚು ಕಮ್ಮಿ, ಐದು ವರ್ಷದೊಳಗಿನ ನಾಲ್ಕು ಪ್ರಜೆಗಳನ್ನು ಬೆಳಗ್ಗೆ ಏಳರಿಂದ ಸಂಜೆ ಐದೂವರೆಯವರೆಗೆ ಆಳುತ್ತಿದ್ದರು. ಸಿಂಹಾಸನವೆಂದರೆ ಅಡುಗೆಮನೆಯ ಮುಕ್ಕಾಲಿ. ರಾಜದಂಡವೆಂದರೆ ಸೌಟು. ಮನೆಯಲ್ಲಿ ಬಟಾಣಿ ಕಂಡರೆ ಕಿರುಚುವ ಮಕ್ಕಳು ಇಲ್ಲಿ ಜೋಳದ ರೊಟ್ಟಿಯನ್ನು ಕಾಳುಪಲ್ಲೆಯಲ್ಲಿ ಅದ್ದಿ ಮರುಮಾತಿಲ್ಲದೆ ತಿನ್ನುತ್ತಿದ್ದವು. ಮಕ್ಕಳನ್ನು ಕಳಿಸಿಕೊಡುವ ಡೇಕೇರ್ ಏಜೆನ್ಸಿಯವರು, ಯಾವ ಮಗುವಿಗಾದರೂ ಅಲರ್ಜಿಯಾದೀತೆಂದು, ಮಾಡಿದ ಕಟ್ಟಪ್ಪಣೆಯಂತೆ ಆ ಮನೆಯಿಂದ ಶೇಂಗಾ ಗಡೀಪಾರಾಗಿತ್ತು. ಬೈಲಹೊಂಗಲದ ಕಡೆಯ ಹೆಂಗಸೊಬ್ಬಳು ಶೇಂಗಾ ಚಟ್ನಿಯನ್ನು ತ್ಯಜಿಸಿದ್ದು ಸಣ್ಣ ತ್ಯಾಗವಲ್ಲ. ಇತಿಹಾಸಕಾರರು ಯಾರೂ ಅದನ್ನು ಬರೆದಿಡಲಿಲ್ಲ, ಅಷ್ಟೆ.

ಏಜೆನ್ಸಿಯ ಹೆಂಗಸು ಮೂರು ತಿಂಗಳಿಗೊಮ್ಮೆ ಬಂದು ಮೆಟ್ಟಿಲು, ಪ್ಲಗ್ಗು, ಫ್ರಿಜ್ಜು ಎಲ್ಲವನ್ನೂ ಇಣುಕಿ ನೋಡುತ್ತಿದ್ದಳು. ಕಳೆದ ಸಲ ಬಂದಾಗ, ಇಲ್ಲಿಗೆ ಬರುವ ಪ್ರತಿ ಮಗುವಿಗೂ ತನ್ನಂಥದೇ ಮುಖಗಳು ಕಾಣಬೇಕು, ಕಪ್ಪು ಮಕ್ಕಳಿಗಂತೂ ತಾವು ಚಂದ, ತಾವು ದೊಡ್ಡವರಾಗಬಲ್ಲೆವು ಅನ್ನಿಸುವಂಥ ಚಿತ್ರ, ಪುಸ್ತಕ, ಬೊಂಬೆ ಇರಬೇಕು ಎಂದು ಹೇಳಿಹೋದಳು. ನಿಂಗವ್ವ ಆಜ್ಞೆಯನ್ನು ಶಿರಸಾವಹಿಸಿದಳು. ಗೋಡೆಯ ಮೇಲೆ ಮೂರು ಪೋಸ್ಟರುಗಳು ಬಂದವು: ಕಪ್ಪು ಗಗನಯಾತ್ರಿ, ಕಪ್ಪು ನ್ಯಾಯಾಧೀಶೆ, ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟ ಕಪ್ಪು ವಿಜ್ಞಾನಿ. ಗುಂಗುರು ಕೂದಲಿನ, ಕಪ್ಪು ಮೈಯ ಒಂದು ಬೊಂಬೆಯೂ ಬಂತು. ಬಲು ಚಂದದ ಬೊಂಬೆ. ಅಷ್ಟು ಚಂದದ್ದನ್ನು ಮಕ್ಕಳ ಕೈಗೆ ಕೊಟ್ಟರೆ ಉಳಿದೀತೆ? ನಮ್ಮ ಮನೆಗಳಲ್ಲಿ ಒಳ್ಳೆಯ ಸಾಮಾನಿಗೆ ಇರುವುದು ಒಂದೇ ಜಾಗ. ಬೊಂಬೆ ಪ್ಲಾಸ್ಟಿಕ್ ಕವರಿನ ಸಮೇತ ಶೋಕೇಸು ಸೇರಿ, ಗಂಧದ ಆನೆಯ ಪಕ್ಕದಲ್ಲಿ ಗಾಜಿನ ಹಿಂದೆ ನಿಂತಿತು. ಆಡಲು ಹೊರಗೆ ಉಳಿದದ್ದು ಹಳದಿ ಕೂದಲಿನ ಹಳೆಯ ಮೂರು ಬೊಂಬೆಗಳು, ಅವುಗಳಲ್ಲಿ ಒಂದಕ್ಕೆ ಕಾಲಿರಲಿಲ್ಲ.

ನಾಲ್ವರು ಪ್ರಜೆಗಳಲ್ಲಿ ಒಬ್ಬಳು ಅಕೋಸುವಾ, ನಾಲ್ಕೂವರೆ ವರ್ಷದವಳು. ಅವಳ ತಾಯಿ ಅಬೆನಾ ಘಾನಾ ದೇಶದಿಂದ ಬಂದವಳು. ಅಲ್ಲಿ ಭಾನುವಾರ ಹುಟ್ಟಿದ ಹೆಣ್ಣುಮಗುವಿಗೆ ಅಕೋಸುವಾ ಎಂದು ಹೆಸರಿಡುತ್ತಾರೆ ಎಂದು ಮೊದಲ ದಿನ ಅಬೆನಾ ಹೇಳಿದಾಗ ನಿಂಗವ್ವ ತೊಡೆ ತಟ್ಟಿಕೊಂಡಿದ್ದಳು.

"ನಮ್ಮಾಗೂ ಹಂಗ! ಸೋಮವಾರ ಹುಟ್ಟಿದ್ರ ಸೋಮವ್ವ, ಶುಕ್ರವಾರ ಹುಟ್ಟಿದ್ರ ಶುಕ್ರವ್ವ!"

ಘಾನಾ ಎಂಬ ದೇಶ ಗೋಕಾಕಿನಿಂದ ಸ್ವಲ್ಪ ಮುಂದೆ ಎಲ್ಲೋ ಇರಬೇಕು ಎಂದು ಅವಳಿಗೆ ಆ ಹೊತ್ತಿಗೆ ಖಾತ್ರಿಯಾಯಿತು. ಅಬೆನಾಳ ಇನ್ನೊಂದು ಗುರುತೂ ಇಲ್ಲಿ ಹೇಳಿಬಿಡಬೇಕು. ನಿಂಗವ್ವನ ಗಂಡ ಶೇಖಪ್ಪ ಸರಕು ಎತ್ತುವ ಫೋರ್ಕ್‌ಲಿಫ್ಟು ಓಡಿಸುವ ವೇರ್‌ಹೌಸಿನಲ್ಲಿ ಅವಳು ಹಗಲು ಪಾಳಿಯ ಸೂಪರ್ವೈಸರು. ಅಂದರೆ ಶೇಖಪ್ಪನ ಪಾಲಿಗೆ ಮನೆಯಲ್ಲೊಬ್ಬಳು ಸಾಮ್ರಾಜ್ಞಿ, ಹೊರಗೊಬ್ಬಳು.

ಅಕೋಸುವಾಗೆ ನಿಂಗವ್ವ ಎಂದರೆ ಪ್ರಾಣ. ನಿಂಗವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಮುಕ್ಕಾಲಿ ಎಳೆದುಕೊಂಡು ನಿಂತು ತಾನೂ ಒಂದು ಉಂಡೆ ಹಿಟ್ಟು ಬಡಿಯುತ್ತಿದ್ದಳು. "ಬಾ", "ತಿನ್ನು", "ಸುಮ್ನ ಕೂಡು", "ಚಂದ ಐತಿ" ಎಂಬ ನಾಲ್ಕು ಮಾತು ಕಲಿತಿದ್ದಳು, ಅವುಗಳಿಂದಲೇ ಉಳಿದ ಮೂವರು ಮಕ್ಕಳನ್ನು ಆಳುತ್ತಿದ್ದಳು.

ಇಂಥ ಸುಭಿಕ್ಷ ರಾಜ್ಯಕ್ಕೆ ಗಂಡಾಂತರ ಬಂದದ್ದು ಫೆಬ್ರವರಿಯ ಒಂದು ಗುರುವಾರ, ಒಂದು ಬಟ್ಟಲು ಕಡ್ಲಿಹಿಟ್ಟಿನ ರೂಪದಲ್ಲಿ.

ನಿಂಗವ್ವನ ತಂಗಿಯ ಮಗಳು ಸೌಮ್ಯಾ ಬೇಸ್‌ಮೆಂಟಿನಲ್ಲಿ ಇದ್ದುಕೊಂಡು ಒಂದು ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಇಪ್ಪತ್ತೇಳು ವರ್ಷ. ಶನಿವಾರ ಜಾರ್ಜ್‌ಟೌನಿನಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಸುದ್ದಿ ಕೇಳಿದ್ದೇ ತಡ, ನಿಂಗವ್ವ ಶಸ್ತ್ರಾಗಾರದ ಬಾಗಿಲು ತೆರೆದಳು. ಕಡ್ಲಿಹಿಟ್ಟು, ಅರಿಷಿಣ, ಹಾಲಿನ ಕೆನೆ, ಲಿಂಬೆಹಣ್ಣು. ಗುರುವಾರ ಸೌಮ್ಯಾಗೆ ರಜೆ. ಬೆಳಗ್ಗೆ ಅವಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಮುಖಕ್ಕೆ ಬಳಿಯತೊಡಗಿದಳು.

"ದೊಡ್ಡವ್ವ, ಅವ ನನ್ನ ಫೋಟೋ ನೋಡ್ಯಾನ, ವಿಡಿಯೋ ಕಾಲ್‌ದಾಗ ನೋಡ್ಯಾನ. ಇನ್ನ ಯಾರಿಗೆ ಮೋಸ ಮಾಡೂದೈತಿ?"

"ಅವ ನೋಡಿದ್ದು ಬ್ಯಾರೆ, ಅವರವ್ವ ಲೈಟಿನ ಕೆಳಗ ಕುಂದ್ರಿಸಿ ನೋಡೂದು ಬ್ಯಾರೆ. ಬಾಯಿ ಮುಚ್ಚು, ಹಿಟ್ಟು ಒಳಗ ಹೋಗ್ತದ."

ಅಕೋಸುವಾ ಮುಕ್ಕಾಲಿಯ ಮೇಲೆ ನಿಂತು ಕಣ್ಣರಳಿಸಿ ನೋಡುತ್ತಿದ್ದಳು. ಅದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಿಂಗವ್ವನಿಗೆ ಉತ್ಸಾಹ ಬಂತು. ತನ್ನದೇ ಇಂಗ್ಲಿಷಿನಲ್ಲಿ ಘೋಷಿಸಿದಳು:

"ದಿಸ್ ಮ್ಯಾಜಿಕ್! ಬ್ಲ್ಯಾಕ್ ಗೋಯಿಂಗ್, ವೈಟ್ ಕಮಿಂಗ್. ದೆನ್ ಎವ್ರಿಬಡಿ ಲೈಕ್!"

ಹಿಟ್ಟಿನ ಮುಖವಾಡದ ಹಿಂದೆ ಸೌಮ್ಯಾಳ ಕಣ್ಣು ದೊಡ್ಡದಾಯಿತು. "ದೊಡ್ಡವ್ವ! ಮಗು ಮುಂದ ಏನ್ ಮಾತಾಡ್ತಿ?"

"ಆಕಿಗೇನ್ ತಿಳೀತದ ಬಿಡು," ಎಂದಳು ನಿಂಗವ್ವ.

ಮಧ್ಯಾಹ್ನ ಒಂದೂ ಮುಕ್ಕಾಲು. ಮಕ್ಕಳು ಮಲಗಿದ್ದರು. ಸೌಮ್ಯಾ ಕೆಳಗೆ ಫೋನಿನಲ್ಲಿದ್ದಳು. ನಿಂಗವ್ವ ಹೆಂಚು ಇಳಿಸಿ ಕೈ ತೊಳೆಯುವಾಗ ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ನಲ್ಲಿ ಬಂದ್ ಮಾಡಿದಳು. ಸದ್ದು ನಿಲ್ಲಲಿಲ್ಲ. ಮಲಗುವ ಕೋಣೆ ಇಣುಕಿದಳು. ಮೂರು ಚಾಪೆಗಳ ಮೇಲೆ ಮೂರು ತಲೆ. ನಾಲ್ಕನೆಯದು ಖಾಲಿ.

ಬಚ್ಚಲ ಬಾಗಿಲು ತಳ್ಳಿದಳು. ಅಕೋಸುವಾ ಸ್ಟೂಲಿನ ಮೇಲೆ ನಿಂತಿದ್ದಳು. ಮುಂದೆ ಬೆಳಗಿನ ಬಟ್ಟಲು. ಮೊಣಕೈವರೆಗೂ ಹಳದಿ ಹಿಟ್ಟು. ಬಲಗೈಯಲ್ಲಿ ಹೆಂಚು ತಿಕ್ಕುವ ಹಸಿರು ಸ್ಕ್ರಬ್ಬರು. ಎಡ ಮುಂಗೈ ತರಚಿ, ಹಿಟ್ಟಿನ ನಡುವೆ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ರಕ್ತದ ಹನಿಗಳು ಮೂಡಿದ್ದವು. ಹುಡುಗಿ ಅಳುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು, ತಳಹಿಡಿದ ಪಾತ್ರೆಯ ಮುಂದೆ ನಿಂತ ನಿಂಗವ್ವನ ಗತ್ತಿನಲ್ಲೇ ತಿಕ್ಕುತ್ತಿದ್ದಳು.

"ನಿಂಗವ್ವ," ಎಂದಳು, ಸ್ವಲ್ಪ ಸುಸ್ತಾದ ದನಿಯಲ್ಲಿ. "ಇಟ್ಸ್ ನಾಟ್ ಕಮಿಂಗ್ ಆಫ್."

ಆಮೇಲೆ ಸ್ಕ್ರಬ್ಬರನ್ನು ಮುಂದೆ ಚಾಚಿದಳು. "ಯೂ ಡು."

ಚಕ್ರವರ್ತಿನಿ ಒದ್ದೆ ನೆಲದ ಮೇಲೆ ಹಾಗೇ ಕುಳಿತುಬಿಟ್ಟಳು. ಸ್ಕ್ರಬ್ಬರು ಕಿತ್ತೆಸೆದು, ಕೈ ಹಿಡಿದು ತಣ್ಣೀರಿನಲ್ಲಿ ತೊಳೆದಳು, ಮುಲಾಮು ಹಚ್ಚಿದಳು, ಬಿಳಿ ಬಟ್ಟೆ ಸುತ್ತಿದಳು. ಸುತ್ತುವಾಗ ಅಕೋಸುವಾ ತನ್ನ ಕೈಯನ್ನೂ ನಿಂಗವ್ವನ ಕೈಯನ್ನೂ ಜೊತೆಗಿಟ್ಟು ನೋಡಿದಳು. ಎರಡರ ನಡುವೆ ವ್ಯತ್ಯಾಸ ಹುಡುಕಲು ಒಳ್ಳೆಯ ಬೆಳಕೇ ಬೇಕಿತ್ತು.

"ನಿನ್ನದೂ ಹೋಗಿಲ್ಲ," ಎಂದಳು ಇಂಗ್ಲಿಷಿನಲ್ಲಿ, ಕನಿಕರದಿಂದ.

ಹೋಗಿರಲಿಲ್ಲ. ಅದಕ್ಕೆ ಹತ್ತಿರ ಹತ್ತಿರ ಐವತ್ತು ವರ್ಷದ ಸಾಕ್ಷಿಯಿತ್ತು. ನಿಂಗವ್ವ ಮೂರನೆಯ ಹೆಣ್ಣಾಗಿ ಹುಟ್ಟಿದ್ದಳು. ಹತ್ತೊಂಬತ್ತು ತುಂಬುವವರೆಗೆ ಅವಳ ಹೆಸರು ನಿಂಗವ್ವ ಎಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಅವಳು ಕರೆವ್ವ. ಎಂಟು ವರ್ಷದವಳಿದ್ದಾಗಿನಿಂದ ಅವಳ ಅವ್ವ ಪ್ರತಿ ಸೋಮವಾರ ಕಡ್ಲಿಹಿಟ್ಟಿನಿಂದ ತಿಕ್ಕಿದ್ದೇ ತಿಕ್ಕಿದ್ದು. ನೋಡಲು ಬಂದ ಮೊದಲಿನ ಎರಡು ಮನೆಯವರು ಅವಲಕ್ಕಿ ತಿಂದು, ಚಹಾ ಕುಡಿದು, ಹೇಳಿಕಳಿಸ್ತೀವಿ ಅಂದು ಹೋದರು. ಮೂರನೆಯವರು ಶೇಖಪ್ಪನ ಮನೆಯವರು. ಅವರು ಹೊಸಿಲು ದಾಟುವ ಹೊತ್ತಿಗೆ ಕರೆಂಟು ಹೋಯಿತು. ಕಂದೀಲಿನ ಬೆಳಕಿನಲ್ಲಿ ಹುಡುಗಿಯನ್ನು ನೋಡಿ ಒಪ್ಪಿದರು. ಈ ಮದುವೆ ಮಾಡಿಸಿದ್ದು ಕೆ.ಇ.ಬಿ.ಯವರೇ ಎಂದು ಅವ್ವ ಸಾಯುವವರೆಗೂ ನಂಬಿದ್ದಳು, ಲೈನ್‌ಮನ್ನಿಗೆ ಮದುವೆಯ ಊಟಕ್ಕೂ ಹೇಳಿದ್ದಳು. ಮದುವೆಯ ಫೋಟೋವನ್ನು ಸ್ಟುಡಿಯೋದವನು ಟಚ್ ಮಾಡಿ ಕೊಟ್ಟ. ಅದರಲ್ಲಿ ಶೇಖಪ್ಪನ ಪಕ್ಕದಲ್ಲಿ ಸುಣ್ಣ ಬಳಿದ ಗೋಡೆಯಂಥ ಮುಖದ ಹೆಂಗಸೊಬ್ಬಳು ಕುಳಿತಿದ್ದಾಳೆ. ಆಕೆ ಯಾರೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಇಷ್ಟೆಲ್ಲ ಹಾಸ್ಯವಾಗಿ ನಿಂಗವ್ವನೇ ಹತ್ತಾರು ಸಲ ಹೇಳಿ ಕನ್ನಡ ಬಳಗದ ಹೆಂಗಸರನ್ನು ನಗಿಸಿದ್ದಳು. ಆದರೆ ಈಗ ಬಚ್ಚಲ ನೆಲದ ಮೇಲೆ ಅದರಲ್ಲಿ ನಗುವಂಥದ್ದು ಒಂದೂ ಸಿಗಲಿಲ್ಲ.

ಮೂರೂವರೆಗೆ ಪಾಳಿ ಮುಗಿಸಿ ಶೇಖಪ್ಪ ಬಂದ. ಸೌಮ್ಯಾ ಆಗಲೇ ಮೇಜಿನ ಮೇಲೆ ಏಜೆನ್ಸಿಯ ಫಾರ್ಮು ಹರಡಿಕೊಂಡು ಕುಳಿತಿದ್ದಳು. ಮಗುವಿಗೆ ಚಿಕ್ಕ ಗಾಯವಾದರೂ ಅದರಲ್ಲಿ ಬರೆದು ತಾಯಿಯ ಸಹಿ ಹಾಕಿಸಿ ಕಳಿಸಬೇಕು. ವಿಷಯ ಕೇಳಿದ ಶೇಖಪ್ಪ ಹೆಲ್ಮೆಟ್ಟು ತೆಗೆಯುವುದನ್ನೂ ಮರೆತ.

"ಯಾರ ಮಗಳು? ಅಬೆನಾನ ಮಗಳಾ? ಏ ನಿಂಗವ್ವಾ, ಆಕಿ ನನ್ನ ಸೂಪರ್ವೈಸರ್ ಅದಾಳ! ನಾಳೆ ಫೋರ್ಕ್‌ಲಿಫ್ಟ್ ಕಸ್ಗೊಂಡು ಕೈಯಾಗ ಕಸಬರಿಗಿ ಕೊಡ್ತಾಳ!"

"ನಿಮ್ಮ ಕಸಬರಿಗಿ ಸುಡ್ಲಿ. ಆಕಿ ಮಗಳನ್ನ ಬಿಡಿಸ್ಕೊಂಡು ಹೋಗ್ತಾಳ್ರೀ."

"ಅದಕ್ಕ ಹೇಳ್ತೀನಿ, ಚಳಿಗಾಲ ಐತಿ, ಚರ್ಮ ಒಣಗ್ತದ. ತುರಿಸ್ಕೊಂಡ್ಲು ಅಂತ ಬರಿ. ಯಾರು ಕೇಳ್ತಾರ?"

"ದೊಡ್ಡಪ್ಪ, ಆ ಕೂಸಿಗೆ ಬಾಯಿ ಐತಿ," ಎಂದಳು ಸೌಮ್ಯಾ.

"ಕೂಸು ಏನರ ಹೇಳ್ತದ. ಕೂಸಿನ ಮಾತು ಯಾರು ನಂಬ್ತಾರ?"

ಸೌಮ್ಯಾ ಪೆನ್ನು ಹಿಡಿದು ದೊಡ್ಡಮ್ಮನ ಮುಖ ನೋಡಿದಳು. "ಹೆಂಗಾತು ಅಂತ ಒಂದು ಸಾಲು ಬರೀಬೇಕು. ಏನ್ ಬರೀಲಿ?"

ನಿಂಗವ್ವ ಗಡಿಯಾರ ನೋಡಿದಳು. ಅಬೆನಾ ಬರಲು ಇನ್ನು ಎರಡು ತಾಸು. ನಿಜ ಹೇಳಿದರೆ ಅಕೋಸುವಾ ಹೋಗುತ್ತಾಳೆ. ಏಜೆನ್ಸಿ ಉಳಿದ ಮೂವರನ್ನೂ ಬೇರೆ ಮನೆಗೆ ಕಳಿಸಬಹುದು. ಹನ್ನೊಂದು ವರ್ಷ ಕಟ್ಟಿದ ರಾಜ್ಯ ಒಂದು ಸಾಲಿನಲ್ಲಿ ಮುಳುಗುತ್ತದೆ. ಶೂರರೆಲ್ಲ ಎಲ್ಲೋ ಒಂದು ಕಡೆ ಬೆನ್ನು ತೋರಿಸಿಯೇ ಇರುತ್ತಾರೆ. ನಮ್ಮ ನಾಯಕಿಯ ಆ ಗಳಿಗೆ ಇದೇ.

"ಒಣ ಚರ್ಮ ಅಂತ ಬರಿ," ಎಂದಳು.

ಸೌಮ್ಯಾ ಬರೆದಳು. ಪೆನ್ನನ್ನು ಮಾತ್ರ ಮೇಜಿನ ಮೇಲೆ ಇಡಲಿಲ್ಲ, ಬಿಸಾಡಿದಳು.

ನಾಲ್ಕೂವರೆಗೆ ಮಕ್ಕಳು ಹಾಲು ಕುಡಿದು ಆಡುತ್ತಿದ್ದರು. ಅಕೋಸುವಾ ಮಾತ್ರ ಆಡಲು ಹೋಗಲಿಲ್ಲ. ಶೋಕೇಸಿನ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಬಟ್ಟೆ ಸುತ್ತಿದ ಕೈಯಿಂದ ಬೊಂಬೆಯನ್ನು ತೋರಿಸಿ ಕೇಳಿದಳು:

"ನಿಂಗವ್ವ, ಅವಳು ಬಿಳಿ ಆದ ಮೇಲೆ ಹೊರಗೆ ಬಿಡ್ತೀಯಾ?"

ಕೇಳಿದ್ದು ಇಂಗ್ಲಿಷಿನಲ್ಲಿ. ಶೇಖಪ್ಪನಿಗೂ ಅರ್ಥವಾಯಿತು. ಅವನು ಎದ್ದು ಹೋಗಿ ಸುಮ್ಮನೆ ಫ್ರಿಜ್ಜಿನ ಬಾಗಿಲು ತೆರೆದು ನಿಂತ, ಏನೂ ತೆಗೆಯಲಿಲ್ಲ. ನಿಂಗವ್ವ ಶೋಕೇಸು ತೆಗೆದು, ಬೊಂಬೆಯ ಕವರನ್ನು ಹಲ್ಲಿನಿಂದ ಕಚ್ಚಿ ಹರಿದು, ಅದನ್ನು ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಬೊಂಬೆಯನ್ನು ತಿರುಗಿಸಿ ನೋಡಿ, ಬಟ್ಟಲು ಎಲ್ಲಿ ಎಂದು ಕೇಳಿದಳು. ಅವಳಿಗೂ ಹಚ್ಚಬೇಕಲ್ಲ.

ಆಮೇಲೆ ನಿಂಗವ್ವ ಮೇಜಿನ ಬಳಿ ಹೋಗಿ ಫಾರ್ಮನ್ನು ಎರಡಾಗಿ, ನಾಲ್ಕಾಗಿ ಹರಿದಳು.

"ಏ ಸೌಮ್ಯಾ, ಇನ್ನೊಂದು ತಗೀ. ಆಗಿದ್ದು ಆದಂಗ ಬರಿ. ನಾ ಏನ್ ಅಂದೆ ಅದೂ ಬರಿ. ಮ್ಯಾಜಿಕ್ ಅಂದಿದ್ದೂ ಬರಿ."

"ನಿಂಗವ್ವಾ, ವಿಚಾರ ಮಾಡು," ಎಂದ ಶೇಖಪ್ಪ ಫ್ರಿಜ್ಜಿನೊಳಗಿಂದ.

"ಮಾಡೇನ್ರೀ. ನೀವು ಬಾಗಲಾ ಹಾಕ್ರಿ, ಹಾಲು ಕೆಡ್ತದ."

ಐದು ಇಪ್ಪತ್ತಕ್ಕೆ ಅಬೆನಾ ಬಂದಳು. ಎತ್ತರದ ಹೆಂಗಸು, ಭುಜದ ಮೇಲೆ ಹಿಮದ ಪುಡಿ, ಸೊಂಟದಲ್ಲಿ ಇನ್ನೂ ವಾಕಿಟಾಕಿ. "ಹಲೋ ಆಂಟಿ," ಎಂದು ಎಂದಿನಂತೆ ನಕ್ಕಳು. ಆಮೇಲೆ ಬಟ್ಟೆ ಸುತ್ತಿದ ಕೈ ಕಂಡಳು.

ನಿಂಗವ್ವ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಇಂಗ್ಲಿಷು ಕೈಕೊಟ್ಟಲ್ಲಿ ಸೌಮ್ಯಾ ಮುಂದುವರಿಸಿದಳು. ಆದರೆ ಆ ಮೂರು ವಾಕ್ಯಗಳನ್ನು, ಮ್ಯಾಜಿಕ್ಕಿನವನ್ನು, ನಿಂಗವ್ವ ತಾನೇ ಹೇಳಿದಳು. ಬೆಳಗ್ಗೆ ಸಲೀಸಾಗಿ ಬಂದಿದ್ದ ಮಾತುಗಳನ್ನು ಈಗ ಒಂದೊಂದಾಗಿ ಎಣಿಸಿ ಹೊರಗಿಟ್ಟಳು.

"ಇನ್ನೊಮ್ಮೆ ಹೇಳಿ," ಎಂದಳು ಅಬೆನಾ.

ಇನ್ನೊಮ್ಮೆ ಹೇಳಿದಳು.

ಅಬೆನಾ ಕೂಗಾಡಲಿಲ್ಲ. ಕೂಗಾಡಿದ್ದರೆ ನಿಂಗವ್ವನಿಗೆ ಸುಲಭವಾಗುತ್ತಿತ್ತು. ಕೂಗಾಟದ ರಣರಂಗದಲ್ಲಿ ಅವಳು ಎಂದೂ ಸೋತವಳಲ್ಲ. ಅಬೆನಾ ಬಗ್ಗಿ, ಬಟ್ಟೆ ಬಿಚ್ಚಿ, ಗಾಯವನ್ನು ನೋಡಿದಳು, ಫೋನಿನಲ್ಲಿ ಫೋಟೋ ತೆಗೆದಳು, ಬಟ್ಟೆಯನ್ನು ಮತ್ತೆ ಸುತ್ತಿದಳು. ಫಾರ್ಮಿಗೆ ಸಹಿ ಹಾಕಿದಳು. ಗೂಟಕ್ಕೆ ನೇತುಹಾಕಿದ್ದ ಅಕೋಸುವಾಳ ಚೀಲ, ಬದಲಿ ಬಟ್ಟೆ, ಮನೆಯೊಳಗೆ ಹಾಕುವ ಚಪ್ಪಲಿ, ಗೋಡೆಗಂಟಿಸಿದ್ದ ಎರಡು ಚಿತ್ರ, ಎಲ್ಲವನ್ನೂ ತೆಗೆದುಕೊಂಡಳು.

ಹೊಸಿಲಲ್ಲಿ ತಿರುಗಿ ಹೇಳಿದಳು. "ನಾನು ಮೂರು ಮನೆ ನೋಡಿದ್ದೆ. ಎರಡು ಮನೆ ಇದಕ್ಕಿಂತ ದೊಡ್ಡವು. ನಿಮ್ಮ ಮುಖ ನೋಡಿ ಇಲ್ಲಿ ಬಿಟ್ಟೆ. ಇಷ್ಟು ಕಪ್ಪಗಿರುವ ಹೆಂಗಸು ಇಷ್ಟು ಜೋರಾಗಿ ನಗುತ್ತಾಳಲ್ಲ, ನನ್ನ ಮಗಳು ಇದನ್ನು ನೋಡಲಿ ಅಂತ."

ಬಾಗಿಲು ಮುಚ್ಚಿತು. ಬೊಂಬೆ ಒಳಗೇ ಉಳಿಯಿತು.

ಶುಕ್ರವಾರ ನಾಲ್ಕನೆಯ ಚಾಪೆ ಹಾಸಲಿಲ್ಲ. ಏಜೆನ್ಸಿಯಿಂದ ಫೋನು ಬಂತು: ಫಾರ್ಮು ತಲುಪಿದೆ, ಮಂಗಳವಾರ ಬರುತ್ತೇವೆ, ತಾಯಿ ಏನು ಹೇಳುತ್ತಾಳೆ ಎಂಬುದರ ಮೇಲೆ ಮುಂದಿನದು. ತಾಯಿ ಏನು ಹೇಳುತ್ತಾಳೆ? ಶೇಖಪ್ಪನಿಗೆ ಗೂಢಚಾರನ ಕೆಲಸ ಬಿತ್ತು. ಅವನು ಎಂಟು ತಾಸು ಅಬೆನಾಳ ಹುಬ್ಬುಗಳನ್ನೇ ಅಧ್ಯಯನ ಮಾಡಿ ಬಂದ.

"ಏನಂದ್ಳ್ರೀ?"

"ಹದಿನಾಲ್ಕನೇ ಬಾಗಲದಾಗ ಸರಕಿನ ಪ್ಯಾಲೆಟ್ ಇಡು ಅಂದ್ಲು."

"ಮತ್ತ?"

"ಹದಿನಾಲ್ಕರಾಗ ಇಟ್ಟೆ."

ಶನಿವಾರ ಜಾರ್ಜ್‌ಟೌನಿನವರು ಬಂದರು. ಸೌಮ್ಯಾ ತನ್ನ ಮುಖದಲ್ಲೇ ಬಂದು ಕುಳಿತಳು, ಬಳಿಯುವ ಮಾತನ್ನು ಯಾರೂ ಎತ್ತಲಿಲ್ಲ. ಗಂಡಿನ ತಾಯಿ ಉಪ್ಪಿಟ್ಟು ಹೊಗಳಿ, ಸೌಮ್ಯಾಳನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ಸ್ವಲ್ಪ..." ಎಂದು ರಾಗ ಎಳೆದಳು. ನಿಂಗವ್ವ ಚಹಾದ ತಟ್ಟೆ ಹಿಡಿದುಕೊಂಡೇ, "ಹೌದ್ರಿ, ಕಪ್ಪ ಅದಾಳ. ನಿಮ್ಮ ಹುಡುಗ ಸ್ವಲ್ಪ ಕುಳ್ಳ ಅದಾನ. ಇನ್ನೊಂದು ಕಪ್ ಹಾಕ್ಲ್ಯಾ?" ಎಂದಳು. ಹುಡುಗ ನಕ್ಕುಬಿಟ್ಟ. ಅವನ ತಾಯಿ ನಗಲಿಲ್ಲ. ಆ ಸಂಬಂಧ ಏನಾಯಿತು ಎಂಬುದು ಬೇರೆ ಕಥೆ, ಅವರಿನ್ನೂ ವಿಚಾರ ಮಾಡುತ್ತಿದ್ದಾರೆ. ಅವರು ಹೋದ ಮೇಲೆ ನಿಂಗವ್ವ ಬಚ್ಚಲಿನ ಕಪಾಟು ತೆರೆದು ಮುಖ ಬೆಳ್ಳಗಾಗಿಸುವ ಕ್ರೀಮಿನ ನಾಲ್ಕು ಟ್ಯೂಬುಗಳನ್ನು ಕಸದ ಚೀಲಕ್ಕೆ ಹಾಕಿದಳು. ಒಂದನ್ನು ಮತ್ತೆ ಹೊರಗೆ ತೆಗೆದು ನೋಡಿ, ಅರ್ಧ ತುಂಬಿತ್ತು, ಪುನಃ ಹಾಕಿದಳು.

ಸೋಮವಾರ ಬೆಳಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಮನೆ ಮುಂದೆ ಅಬೆನಾಳ ಕಾರು ನಿಂತಿತು. ಶೇಖಪ್ಪ ಆಗತಾನೇ ಸೇಫ್ಟಿ ಬೂಟು ಕಟ್ಟಿಕೊಂಡು ಬಾಗಿಲಿಗೆ ಬಂದವನು ಗೋಡೆಗೆ ಅಂಟಿಕೊಂಡ.

ಅಬೆನಾ ಒಳಗೆ ಬಂದಳು, ಬೂಟು ತೆಗೆಯಲಿಲ್ಲ. ಬಾಗಿಲ ಚಾಪೆಯ ಮೇಲೇ ನಿಂತಳು. ಅಕೋಸುವಾ ತಾಯಿಯ ಕೋಟಿನ ಹಿಂದೆ ಅರ್ಧ ಅವಿತಿದ್ದಳು.

"ನಾಲ್ಕು ರಾತ್ರಿಯಿಂದ ಇವಳಿಗೆ ಹೇಳ್ತಾ ಇದ್ದೀನಿ," ಎಂದಳು ಅಬೆನಾ. ಕಣ್ಣು ಕೆಂಪಗಿತ್ತು. "ನಮ್ಮ ಅಜ್ಜಿಯ ಫೋಟೋ ತೋರಿಸಿದೆ. ಮನೆತುಂಬ ಪುಸ್ತಕ ಇದೆ, ಕಪ್ಪು ಡಾಕ್ಟರು, ಕಪ್ಪು ಪೈಲಟ್ಟು, ಕಪ್ಪು ರಾಣಿ. ಹುಟ್ಟಿದಾಗಿನಿಂದ ಓದಿ ಹೇಳ್ತೀನಿ. ಎಲ್ಲ ಕೇಳ್ತಾಳೆ. ಕೇಳಿ, ಆದರೆ ನಿಂಗವ್ವ ಹಾಗಂದಳಲ್ಲ ಅಂತಾಳೆ."

ನಿಂಗವ್ವ ಬಾಯಿ ತೆರೆದಳು. ಅಬೆನಾ ಕೈ ಎತ್ತಿ ತಡೆದಳು.

"ಮನೆಯಲ್ಲಿ ಇವಳು ಏನು ಆಟ ಆಡ್ತಾಳೆ ಗೊತ್ತಾ? ಪೈಲಟ್ ಆಟ ಅಲ್ಲ. ಸೊಂಟಕ್ಕೆ ಟವಲು ಸುತ್ತಿಕೊಂಡು ಅಡುಗೆಮನೆ ಕಟ್ಟೆ ಬಡಿಯುತ್ತಾಳೆ. ಬೊಂಬೆಗಳನ್ನ ಸಾಲಾಗಿ ಕೂರಿಸಿ ನಿಮ್ಮ ಭಾಷೆಯಲ್ಲಿ ಗದರಿಸ್ತಾಳೆ. ನಾನು ಅಷ್ಟು ಜನರನ್ನ ತೋರಿಸಿದೆ, ಇವಳು ಆರಿಸಿಕೊಂಡದ್ದು ನಿಮ್ಮನ್ನ. ಅದಕ್ಕೇ ನನ್ನ ಮಾತು ನಡೀತಾ ಇಲ್ಲ. ನೀವೇ ಹೇಳಬೇಕು. ನನ್ನ ಮುಂದೆ, ಈಗ. ಇವಳು ನಂಬಿದರೆ ನೋಡೋಣ. ನಂಬದಿದ್ದರೆ ನಾವು ಇನ್ನು ಬರಲ್ಲ."

ಹಂಚಿನಮನಿಯವರ ವಂಶದಲ್ಲಿ ದೊಡ್ಡವರು ಸಣ್ಣವರ ಮುಂದೆ ತಪ್ಪಾಯಿತು ಎಂದ ದಾಖಲೆ ಇಲ್ಲ. ದೊಡ್ಡವರ ತಪ್ಪನ್ನು ಕಾಲವೇ ಮರೆಸಬೇಕು, ಇಲ್ಲವೇ ಒಂದು ಉಂಡಿ ಕೊಟ್ಟು ಮರೆಸಬೇಕು, ಅದೇ ಪದ್ಧತಿ. ನಿಂಗವ್ವ ಒಂದು ಕೈಯಿಂದ ಗೋಡೆ ಹಿಡಿದು ಮೊಣಕಾಲೂರಿದಳು. ಮೊಣಕಾಲು ಲಟಕ್ಕೆಂದಿತು. ಮುಖ ಅಕೋಸುವಾಳ ಮುಖದ ಸಮಕ್ಕೆ ಬಂತು.

"ಅಕೋಸುವಾ," ಎಂದಳು. "ಐ ಟೋಲ್ಡ್ ರಾಂಗ್. ನೋ ಮ್ಯಾಜಿಕ್. ಬ್ಲ್ಯಾಕ್ ಈಸ್ ಗುಡ್. ಐ ಆಮ್ ಸಾರಿ."

ಹುಡುಗಿ ಕೋಟಿನ ಹಿಂದಿನಿಂದ ಒಂದು ಕಣ್ಣಲ್ಲಿ ನೋಡಿದಳು. "ಮತ್ತೆ ಯಾಕೆ ಹಾಗಂದೆ?"

"ಮೈ ಮದರ್ ಟೋಲ್ಡ್ ಮಿ. ಐ ಸ್ಮಾಲ್. ಲೈಕ್ ಯೂ."

ಅಕೋಸುವಾ ವಿಚಾರ ಮಾಡಿದಳು. "ನಿನ್ನ ಅಮ್ಮ ಹೇಳಿದ್ದು ತಪ್ಪು," ಎಂದಳು.

ಶೇಖಪ್ಪ ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಮದುವೆಯಾದ ಹೊಸದರಲ್ಲಿ ಅತ್ತೆ ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದದ್ದಕ್ಕೆ ಅವನು ಹನ್ನೆರಡು ದಿನ ಹೆಂಡತಿಯ ಬಾಯಿಂದ ಒಂದು ಮಾತೂ ಕೇಳಿರಲಿಲ್ಲ. ಅಂದಿನಿಂದ ಇಂದಿನವರೆಗೆ ಆ ಮನೆಯಲ್ಲಿ ನಿಂಗವ್ವನ ಅವ್ವನ ಬಗ್ಗೆ ಯಾರೂ ಸೊಲ್ಲೆತ್ತಿದ್ದಿಲ್ಲ.

ನಿಂಗವ್ವನ ಅವ್ವ ಕೆಟ್ಟವಳಲ್ಲ. ತಿಕ್ಕುವಾಗ ಅವ್ವನ ಕಣ್ಣಲ್ಲೂ ನೀರಿರುತ್ತಿತ್ತು. ಈ ಹುಡುಗಿ ಮನೆಯಲ್ಲೇ ಉಳಿದುಬಿಟ್ಟರೆ ತಾನು ಸತ್ತ ಮೇಲೆ ಯಾರು ನೋಡುತ್ತಾರೆ ಎಂಬ ಹೆದರಿಕೆಗೇ ಅಷ್ಟು ತಿಕ್ಕುತ್ತಿದ್ದಳು. ಅದನ್ನೆಲ್ಲ ಈ ಪುಟ್ಟ ನ್ಯಾಯಾಧೀಶೆಗೆ ಯಾವ ಇಂಗ್ಲಿಷಿನಲ್ಲಿ ಹೇಳುವುದು? ಹೇಳಿದರೂ ಅದು ಉತ್ತರವಲ್ಲ. ಹೆದರಿಕೆಯಿಂದ ಹೇಳಿದರೂ ತಪ್ಪು ತಪ್ಪೇ. ತಾಯಿ ಮಗಳು ಇಬ್ಬರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಯೆಸ್," ಎಂದಳು ನಿಂಗವ್ವ. "ಮೈ ಮದರ್ ರಾಂಗ್."

ಗೋಡೆಗೆ ಅಂಟಿದ್ದ ಶೇಖಪ್ಪ ಟೊಪ್ಪಿಗೆ ತೆಗೆದ, ಯಾಕೆಂದು ಅವನಿಗೇ ಗೊತ್ತಾಗಲಿಲ್ಲ.

ಅಕೋಸುವಾ ಕೋಟಿನ ಹಿಂದಿನಿಂದ ಪೂರ್ತಿ ಹೊರಗೆ ಬಂದಳು. ಆದರೆ ವಿಚಾರಣೆ ಮುಗಿದಿರಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, ನಿಂಗವ್ವನ ಎರಡೂ ಕೆನ್ನೆಗಳನ್ನು ಕೈಯಲ್ಲಿ ಹಿಡಿದು, ಕಣ್ಣಿಗೆ ಕಣ್ಣಿಟ್ಟು ಕೇಳಿದಳು:

"ಹಾಗಾದರೆ ನೀನು ಚಂದ ಇದ್ದೀಯಾ?"

ನಿಂಗವ್ವ ಹೆರಿಗೆಯ ನೋವಿಗೆ ಹೆದರಿದವಳಲ್ಲ, ಮೈನಸ್ ಮೂವತ್ತರ ಚಳಿಗೆ ಹೆದರಿದವಳಲ್ಲ, ಇಮಿಗ್ರೇಷನ್ ಆಫೀಸರನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತವಳು. ಈ ಪ್ರಶ್ನೆಗೆ ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು. ಇಂಥ ಮಾತನ್ನು ಅವಳು ಬದುಕಿನಲ್ಲಿ ಯಾರಿಗೂ ಹೇಳಿರಲಿಲ್ಲ, ಬೀಗ ಹಾಕಿದ ಬಚ್ಚಲಲ್ಲಿ ಕನ್ನಡಿಗೂ ಹೇಳಿರಲಿಲ್ಲ. ಅದೂ ಗಂಡನ ಮುಂದೆ, ಗಂಡನ ಸೂಪರ್ವೈಸರಿನ ಮುಂದೆ. ಒಳ್ಳೆಯವಳು ಅನ್ನಬಹುದು. ರೊಟ್ಟಿ ಚಲೋ ಮಾಡ್ತೀನಿ ಅನ್ನಬಹುದು. ಹುಡುಗಿ ಕೇಳಿದ್ದು ಅದನ್ನಲ್ಲ. ಕೆನ್ನೆ ಹಿಡಿದ ಕೈ ಬಿಡಲೂ ಇಲ್ಲ. ಎಡಗೈಯ ಗಾಯ ಒಣಗತೊಡಗಿತ್ತು, ಅದು ನಿಂಗವ್ವನ ದವಡೆಗೆ ಒರಟಾಗಿ ತಾಗುತ್ತಿತ್ತು.

"ಹೌದು," ಎಂದಳು. ಇಂಗ್ಲಿಷು ಬರಲಿಲ್ಲ. "ನಾ ಚಂದ ಅದೀನಿ."

ಅಬೆನಾ ಮಗಳ ಕಡೆ ಬಗ್ಗಿದಳು. "ಏನಂದಳು?"

ಅಕೋಸುವಾ ನಿಂಗವ್ವನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು, ಅಂಗಡಿಯಲ್ಲಿ ಸಾಮಾನು ಪರೀಕ್ಷಿಸುವವರಂತೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಸುಳ್ಳಿನ ಗೆರೆ ಎಲ್ಲೂ ಸಿಗಲಿಲ್ಲವೆಂದು ಕಾಣುತ್ತದೆ.

"ಚಂದ ಇದ್ದಾಳಂತೆ," ಎಂದು ತಾಯಿಗೆ ವರದಿ ಒಪ್ಪಿಸಿದಳು. "ಇದ್ದಾಳೆ."

ಅಬೆನಾ ನಗಲಿಲ್ಲ. ಬಗ್ಗಿ, ಮಗಳ ಬಲಗಾಲಿನ ಬೂಟಿನ ಜಿಪ್ಪು ಕೆಳಗೆಳೆದು ಬೂಟು ಕಳಚಿದಳು. ಎಡಗಾಲಿನದನ್ನು ಹಿಡಿದವಳು ಅಲ್ಲೇ ತಡೆದು ನಿಂಗವ್ವನನ್ನು ನೋಡಿದಳು.

"ನಾಳೆ ಏಜೆನ್ಸಿಯವರು ಬಂದಾಗ ನಾನೂ ಬರ್ತೀನಿ. ಏನು ಹೇಳ್ತೀನಿ ಅಂತ ಇನ್ನೂ ಗೊತ್ತಿಲ್ಲ. ಇವತ್ತು ಒಂದು ದಿನ ನೋಡ್ತೀನಿ. ಸಂಜೆ ಸ್ನಾನ ಮಾಡಿಸುವಾಗ ಇವಳು ಏನು ಕೇಳ್ತಾಳೆ, ನೋಡ್ತೀನಿ."

"ನೋಡ್ರಿ," ಎಂದಳು ನಿಂಗವ್ವ, ಇನ್ನೂ ಮೊಣಕಾಲ ಮೇಲೇ. "ನೋಡಬೇಕು."

ಅಬೆನಾ ಎರಡನೆಯ ಜಿಪ್ಪನ್ನೂ ಕೆಳಗೆಳೆದಳು.